ಒಂದೇ ಪ್ರಬಂಧ, ಹತ್ತಾರು ಕೈ: ಸಂಶೋಧನಾ ಗುಂಪುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಯೋಗಾಲಯದಲ್ಲಿ ದುಡಿಯುವವರು, ಈಗಷ್ಟೇ ಪಿಎಚ್‌ಡಿಗೆ ಸೇರಿದವರು, ವಿಜ್ಞಾನದ ಸುದ್ದಿಯನ್ನು ಆಸಕ್ತಿಯಿಂದ ಓದುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಪತ್ರದಲ್ಲಿ ಬಂದವು, ಹೆಚ್ಚಿನವು ಮಾತಿನ ನಡುವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ದತ್ತಾಂಶ ವಿಶ್ಲೇಷಣೆ ನನ್ನ ಕೆಲಸ. ಹಲವು ವರ್ಷಗಳಿಂದ ಬೇರೆ ಬೇರೆ ಗುಂಪುಗಳ ಜೊತೆ ಕೂತು ಅವರ ಅಂಕಿಗಳನ್ನು ಬಿಡಿಸಿ ನೋಡಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಶುರುವಿನ ಪ್ರಶ್ನೆಗಳು

ವಿಜ್ಞಾನಿ ಅಂದ್ರೆ ಒಬ್ಬರೇ ಕೂತು ಯೋಚನೆ ಮಾಡೋರು ಅಂದುಕೊಂಡಿದ್ದೆ. ಈಗ ಎಲ್ಲಾ ಗುಂಪಿನಲ್ಲೇ ನಡೆಯುತ್ತಾ?

ಬಹುಪಾಲು ಹೌದು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಐದು ದಶಕಗಳ ಸುಮಾರು 2 ಕೋಟಿ ಪ್ರಬಂಧಗಳನ್ನು ಜಾಲಾಡಿತು. ವಿಜ್ಞಾನ, ಎಂಜಿನಿಯರಿಂಗ್, ಸಮಾಜ ವಿಜ್ಞಾನ, ಎಲ್ಲ ಕಡೆಯೂ ಒಂಟಿ ಲೇಖಕರು ಕಡಿಮೆಯಾಗುತ್ತ ಗುಂಪುಗಳು ದೊಡ್ಡದಾಗುತ್ತ ಬಂದಿದ್ದವು. ಇದರ ತುತ್ತತುದಿ ನೋಡಬೇಕೆಂದರೆ ಹಿಗ್ಸ್ ಕಣದ ದ್ರವ್ಯರಾಶಿಯನ್ನು ಅಳೆದ 2015ರ ಪ್ರಬಂಧವನ್ನು ತೆರೆಯಿರಿ. ಲೇಖಕರು 5,154 ಮಂದಿ. 33 ಪುಟಗಳಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ.

ಉಪಕರಣ ಕಟ್ಟುವುದು, ಮಾದರಿ ತಯಾರಿಸುವುದು, ಕೋಡ್ ಬರೆಯುವುದು, ಸಂಖ್ಯಾಶಾಸ್ತ್ರದ ಲೆಕ್ಕ ಹಾಕುವುದು, ಇವೆಲ್ಲ ಒಬ್ಬರ ತಲೆಯಲ್ಲಿ ಹಿಡಿಸುವ ಕಾಲ ಹೋಯಿತು.

ಫಲಿತಾಂಶ ನಂಬಲರ್ಹ ಅಂತ ಹೇಳೋದು ಯಾವಾಗ?

ಮೂರು ಮೆಟ್ಟಿಲಿವೆ. ಅದೇ ದತ್ತಾಂಶ, ಅದೇ ಕೋಡ್ ಕೊಟ್ಟರೆ ಇನ್ನೊಬ್ಬರಿಗೂ ಅದೇ ಸಂಖ್ಯೆ ಬರಬೇಕು. ಅದೇ ಪ್ರಯೋಗವನ್ನು ಹೊಸದಾಗಿ ಮಾಡಿದರೂ ಅದೇ ಬಗೆಯ ಫಲ ಸಿಗಬೇಕು. ಬೇರೆಯದೇ ದಾರಿಯಿಂದ ಹೋದರೂ ಅದೇ ತೀರ್ಮಾನಕ್ಕೆ ತಲುಪಬೇಕು. ಮೊದಲ ಮೆಟ್ಟಿಲನ್ನೇ ಎಷ್ಟೋ ಪ್ರಬಂಧಗಳು ಹತ್ತುವುದಿಲ್ಲ. ಎರಡನೆಯದರ ಬಗ್ಗೆ ದೊಡ್ಡ ಪರೀಕ್ಷೆ ನಡೆದದ್ದು ಮನೋವಿಜ್ಞಾನದಲ್ಲಿ. ಇನ್ನೂರೈವತ್ತಕ್ಕೂ ಹೆಚ್ಚು ಸಂಶೋಧಕರು ಸೇರಿ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ 2015ರಲ್ಲಿ ವರದಿ ಕೊಟ್ಟರು. ಮೂಲ ಅಧ್ಯಯನಗಳಲ್ಲಿ 97%ರಷ್ಟು 'ಮಹತ್ವದ ಪರಿಣಾಮ ಕಂಡಿತು', ಅಂದರೆ ಬರೀ ಆಕಸ್ಮಿಕ ಎನ್ನಲಾಗದಷ್ಟು ಕಂಡಿತು, ಎಂದಿದ್ದವು. ಮರುಪ್ರಯೋಗದಲ್ಲಿ ಹಾಗೆ ಕಂಡದ್ದು 36%ರಲ್ಲಿ ಮಾತ್ರ.

ಹೆಚ್ಚು ಜನ ಸೇರಿದ್ರೆ ತಪ್ಪು ಕಡಿಮೆ ಆಗಬೇಕಲ್ವಾ?

ಆಗಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಜನ ಸೇರುವುದು ಬೇರೆ, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವುದು ಬೇರೆ. ಆರು ಜನರ ಗುಂಪಿನಲ್ಲಿ ಸಾಮಾನ್ಯವಾಗಿ ನಡೆಯುವುದು ಕೆಲಸದ ಹಂಚಿಕೆ: ಮಾದರಿ ಒಬ್ಬರದು, ಅಳತೆ ಇನ್ನೊಬ್ಬರದು, ಲೆಕ್ಕ ಮತ್ತೊಬ್ಬರದು. ಪ್ರತಿಯೊಂದು ಹಂತಕ್ಕೂ ಇರುವುದು ಒಂದೇ ಜೋಡಿ ಕಣ್ಣು. ಹೊರಗಿನಿಂದ ಆರು ಜನರ ಸಾಕ್ಷಿಯಂತೆ ಕಾಣುವುದು ಒಳಗೆ ಸರಪಳಿ, ಒಂದು ಕೊಂಡಿ ಕಳಚಿದರೆ ಸಾಕು.

2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ಮನೋವಿಜ್ಞಾನದ ಪ್ರಬಂಧಗಳಲ್ಲಿ ಅಚ್ಚಾದ ಸಂಖ್ಯೆಗಳನ್ನು ಮತ್ತೆ ಲೆಕ್ಕ ಹಾಕಿದಾಗ 63%ರಷ್ಟು ಪ್ರಬಂಧಗಳಲ್ಲಿ ಕನಿಷ್ಠ ಒಂದು ಕಡೆ ಅಂಕಿ ಹೊಂದಲಿಲ್ಲ. ವಿಶ್ಲೇಷಣೆಯಲ್ಲಿ ಇಬ್ಬರು ಕೈ ಹಾಕಿದ್ದರೆ ತಪ್ಪು ಕಡಿಮೆ ಇರಬಹುದೆಂದು ಅವರು ನಿರೀಕ್ಷಿಸಿದ್ದರು; ಅಂಥ ಸಂಬಂಧವೇ ಸಿಗಲಿಲ್ಲ. 'ಇಬ್ಬರು ನೋಡಿದ್ದೇವೆ' ಎಂಬ ಮಾತಿನ ಹಿಂದೆ ನಿಜವಾಗಿ ನಡೆದದ್ದೇನು, ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದರೋ, ಒಬ್ಬರು ಹಾಕಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸಿದರೋ, ನಾನು ಮೊದಲು ಕೇಳುವುದು ಅದನ್ನೇ.

ಪತ್ರಿಕೆಯವರು ತಜ್ಞರಿಗೆ ಕಳಿಸಿ ಪರಿಶೀಲಿಸ್ತಾರಲ್ಲ? ಗುಂಪಿನೊಳಗೇ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು?

ಪರಿಶೀಲಕರ ಕೈಗೆ ಸಿಗುವುದು ಮುಗಿದ ಪ್ರಬಂಧ. ಕಚ್ಚಾ ಫೈಲನ್ನು, ಅರ್ಧಕ್ಕೆ ಬಿಟ್ಟ ಪ್ರಯೋಗಗಳನ್ನು, ನೋಟ್‌ಬುಕ್ಕಿನ ಅಂಚಿನ ಟಿಪ್ಪಣಿಯನ್ನು ನೋಡಬಲ್ಲವರು ಒಳಗಿನವರು ಮಾತ್ರ.

2006ರ ಕೊನೆಗೆ ಅಮೆರಿಕದ ಒಂದು ಗುಂಪು ಜೀವಕೋಶದ ಪೊರೆಯಲ್ಲಿರುವ ಪ್ರೋಟೀನ್‌ಗಳ ರಚನೆಯ ಬಗ್ಗೆ ಬರೆದಿದ್ದ ಐದು ಪ್ರಬಂಧಗಳನ್ನು ಹಿಂದಕ್ಕೆ ಪಡೆಯಿತು. ಪ್ರತಿಷ್ಠಿತ ಪತ್ರಿಕೆಗಳಲ್ಲಿ, ತಜ್ಞರ ಪರಿಶೀಲನೆ ದಾಟಿ ಬಂದಿದ್ದ ಪ್ರಬಂಧಗಳು ಅವು. ಇನ್ನೊಂದು ಪ್ರಯೋಗಾಲಯದಿಂದ ಬಳುವಳಿಯಾಗಿ ಬಂದ ಚಿಕ್ಕ ಕಂಪ್ಯೂಟರ್ ಪ್ರೋಗ್ರಾಂ ಒಂದು ದತ್ತಾಂಶದ ಎರಡು ಕಾಲಂಗಳನ್ನು ಅದಲುಬದಲು ಮಾಡುತ್ತಿತ್ತು. ರಚನೆ ತಿರುವುಮುರುವಾಗಿ ಕಾಣುತ್ತಿತ್ತು. ಸ್ವಿಟ್ಜರ್ಲೆಂಡಿನ ಗುಂಪೊಂದು ಅದೇ ಕುಟುಂಬದ ಪ್ರೋಟೀನಿನ ರಚನೆಯನ್ನು ಪ್ರಕಟಿಸಿ, ಎರಡೂ ತಾಳೆಯಾಗದೆ ಹೋದಾಗ ವಿಷಯ ಹೊರಬಿತ್ತು. ಆ ಪ್ರೋಗ್ರಾಂನ ಎರಡು ಸಾಲನ್ನು ಓದುವ ಅವಕಾಶ ಯಾವ ಪರಿಶೀಲಕರಿಗೂ ಇರಲಿಲ್ಲ. ನಿಮ್ಮ ಗುಂಪಿನಲ್ಲೂ 'ಮೊದಲಿನಿಂದ ಇದನ್ನೇ ಬಳಸುತ್ತಿದ್ದೇವೆ' ಎಂಬ ಕೋಡ್ ಒಂದು ಇರುತ್ತದೆ. ಈ ವಾರವೇ ಅದನ್ನು ತೆರೆದು ಓದಿ.

## ಗುಂಪಿನೊಳಗಿನ ಮಾತು

ನಮ್ಮ ಗೈಡ್ ಹೇಳಿದ್ದು ತಪ್ಪು ಅನ್ನಿಸುತ್ತೆ. ಆದ್ರೆ ಹೇಳೋದು ಹೇಗೆ? ಗುರುವಿಗೇ ತಿರುಮಂತ್ರ ಅಂದುಬಿಟ್ಟರೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮಧ್ಯರಾತ್ರಿ ಬರೆದ ಪತ್ರಗಳಲ್ಲಿ ಬರುತ್ತದೆ. ಈ ಭಯಕ್ಕೆ ಕಾರಣವಿದೆ. ಪದವಿ, ಶಿಫಾರಸು ಪತ್ರ, ಮುಂದಿನ ಕೆಲಸ, ಎಲ್ಲವೂ ಒಬ್ಬರ ಕೈಯಲ್ಲಿರುವಾಗ 'ಧೈರ್ಯ ಮಾಡಿ' ಎಂದು ಹೇಳಿಬಿಡುವುದು ಸುಲಭ.

ಹಿರಿಯರ ನಿರೀಕ್ಷೆ ಮಾತಿಲ್ಲದೆಯೂ ಕೆಲಸ ಮಾಡುತ್ತದೆ. 1963ರಲ್ಲಿ ಪ್ರಕಟವಾದ, ಮನೋವಿಜ್ಞಾನಿಗಳಾದ ರೋಸೆಂಥಾಲ್ ಮತ್ತು ಫೋಡ್ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಇಲಿಗಳನ್ನು ಕೊಟ್ಟು ಕೆಲವರಿಗೆ 'ಇವು ಚುರುಕು ತಳಿ', ಕೆಲವರಿಗೆ 'ಇವು ಮಂದ ತಳಿ' ಎಂದು ಹೇಳಲಾಗಿತ್ತು. ಇಲಿಗಳೆಲ್ಲ ಒಂದೇ ಬಗೆಯವು, ಯಾದೃಚ್ಛಿಕವಾಗಿ ಹಂಚಿದವು. ಆದರೂ ಚುರುಕು ಎಂಬ ಹಣೆಪಟ್ಟಿ ಹೊತ್ತ ಇಲಿಗಳೇ ಹೆಚ್ಚು ಚೆನ್ನಾಗಿ ಕಲಿತವೆಂದು ವಿದ್ಯಾರ್ಥಿಗಳ ಲೆಕ್ಕ ಹೇಳಿತು. ಅವರಲ್ಲಿ ಮೋಸ ಮಾಡುವ ಉದ್ದೇಶವಿತ್ತು ಎನ್ನಬೇಕಾಗಿಲ್ಲ. ಏನು ಕಾಣಬೇಕೆಂದು ತಿಳಿದಿತ್ತು, ಅದು ಕಂಡಿತು.

ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಒಂದು ಗುಂಪಿನ ವಾರದ ಸಭೆ. ಪರದೆಯ ಮೇಲೆ ಎರಡು ಕಂಬಗಳ ಚಿತ್ರ: ಔಷಧ ಕೊಟ್ಟ ಮಾದರಿ, ಕೊಡದ ಮಾದರಿ. ವ್ಯತ್ಯಾಸ ದೊಡ್ಡದು, ಎಲ್ಲರ ಮುಖದಲ್ಲೂ ಸಂತೋಷ. ಎಂಟು ತಿಂಗಳ ದುಡಿಮೆ. ಲೆಕ್ಕ ಹಾಕಿದವರಲ್ಲಿ ನಾನೂ ಒಬ್ಬ. ಸಭೆ ಮುಗಿದು ಕಾರಿಡಾರಿನಲ್ಲಿ ನಡೆಯುವಾಗ ಸೇರಿ ಮೂರು ತಿಂಗಳಾಗಿದ್ದ ವಿದ್ಯಾರ್ಥಿನಿ ತಗ್ಗಿದ ದನಿಯಲ್ಲಿ ಕೇಳಿದಳು: 'ಫ್ರೀಜರ್ ಡಬ್ಬಿಗಳ ಮೇಲೆ ಪೆನ್ಸಿಲ್‌ನಲ್ಲಿ ದಿನ ಬರೆದಿದೆ. ಔಷಧ ಕೊಡದವೆಲ್ಲ ಸೋಮವಾರದವು, ಕೊಟ್ಟವೆಲ್ಲ ಗುರುವಾರದವು. ಅದು ಪರವಾಗಿಲ್ವಾ?' ನಾವು ಹೋಗಿ ಡಬ್ಬಿ ತೆಗೆದು ನೋಡಿದೆವು. ಹೌದು. ಎರಡು ದಿನ ಯಂತ್ರ ನಡೆಸಿದ್ದು ಬೇರೆ ಬೇರೆ ಜನ, ಬೇರೆ ಬೇರೆ ರಾಸಾಯನಿಕದ ಬಾಟಲಿ. ಎರಡೂ ಬಗೆಯ ಮಾದರಿಗಳನ್ನು ಬೆರೆಸಿ ಒಂದೇ ದಿನ ಮತ್ತೆ ಅಳೆದಾಗ ಆ ದೊಡ್ಡ ವ್ಯತ್ಯಾಸ ಮಾಯವಾಯಿತು. ಇವತ್ತಿಗೂ ನನ್ನನ್ನು ಕಾಡುವುದು ಅವಳು ಅದನ್ನು ಸಭೆಯಲ್ಲಿ ಕೇಳಲಿಲ್ಲ ಎಂಬುದು. ಹದಿನಾಲ್ಕು ಜನರಿದ್ದ ಕೋಣೆಯಲ್ಲಿ ಉತ್ತರ ಗೊತ್ತಿದ್ದವಳು ಅವಳೊಬ್ಬಳೇ. ಆ ಕೋಣೆಯಲ್ಲಿ ಅವಳಿಗೆ ಬಾಯಿ ಬರಲಿಲ್ಲ.

ಹೇಳುವ ದಾರಿ ಇದೆ. ಅಭಿಪ್ರಾಯಕ್ಕಿಂತ ಫೈಲನ್ನು ಮುಂದಿಡಿ. 'ನೀವು ತಪ್ಪು' ಎಂದು ಕೇಳಿಸುವ ಮಾತನ್ನು 'ಈ ಸಾಲನ್ನು ನಾನು ಹೇಗೆ ಓದಬೇಕು?' ಎಂದು ಕೇಳಬಹುದು. 'ಈ ಪರಿಣಾಮ ಸುಳ್ಳಾಗಿದ್ದರೆ ಯಾವ ಅಳತೆಯಲ್ಲಿ ಗೊತ್ತಾಗುತ್ತದೆ, ಅದನ್ನು ಮಾಡಿ ನೋಡಲೇ?' ಎಂದೂ ಕೇಳಬಹುದು. ಒಳ್ಳೆಯ ಗೈಡ್‌ಗೆ ಈ ಪ್ರಶ್ನೆ ಇಷ್ಟವಾಗುತ್ತದೆ. ಇನ್ನು ಗುಂಪು ನಡೆಸುವವರಿಗೆ ನನ್ನ ಕೋರಿಕೆ: ಸಭೆಯಲ್ಲಿ ನಿಮ್ಮ ಅಭಿಪ್ರಾಯ ಕೊನೆಗಿರಲಿ, ಎಲ್ಲರಿಗಿಂತ ಕಿರಿಯರ ಮಾತು ಮೊದಲಿರಲಿ. ಹಿರಿಯರು 'ಅದ್ಭುತ' ಎಂದ ಮೇಲೆ ಪೆನ್ಸಿಲ್ ಬರಹದ ಮಾತನ್ನು ಯಾರೂ ಎತ್ತುವುದಿಲ್ಲ.

ಎಲ್ಲರೂ ಒಪ್ಪಿದ ಮೇಲೆ ಅದು ಸರಿಯೇ ಇರಬೇಕಲ್ವಾ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಕಲಿತವರ ಗುಂಪಿನಲ್ಲೂ ಇದು ನಡೆಯುತ್ತದೆ. 1903ರಲ್ಲಿ ಫ್ರಾನ್ಸಿನ ನ್ಯಾನ್ಸಿ ನಗರದ ಭೌತವಿಜ್ಞಾನಿ ಬ್ಲಾಂಡ್ಲೋ 'ಎನ್ ಕಿರಣ'ಗಳನ್ನು ಕಂಡುಹಿಡಿದೆ ಎಂದರು. ಮಸುಕು ಬೆಳಕು ತುಸು ಹೆಚ್ಚಾದಂತೆ ಕಾಣುವುದೇ ಅದರ ಸಾಕ್ಷಿ. ಅವರ ಸಹೋದ್ಯೋಗಿಗಳಿಗೂ ಕಂಡಿತು, ಬೇರೆ ಕಡೆಯ ಹತ್ತಾರು ವಿಜ್ಞಾನಿಗಳಿಗೂ ಕಂಡಿತು. 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋಗಿ, ಆ ಕಿರಣಗಳನ್ನು ಬಿಡಿಸಿ ತೋರಿಸಬೇಕಿದ್ದ ಉಪಕರಣದ ಪ್ರಿಸಂ ಅನ್ನು ಕತ್ತಲಲ್ಲಿ ಯಾರಿಗೂ ತಿಳಿಯದಂತೆ ತೆಗೆದುಬಿಟ್ಟರು. ಅಳತೆಗಳು ಮೊದಲಿನಂತೆಯೇ ಬರುತ್ತಲೇ ಇದ್ದವು.

1950ರ ದಶಕದಲ್ಲಿ ಮನೋವಿಜ್ಞಾನಿ ಸಾಲಮನ್ ಆಶ್ ಮಾಡಿದ ಪ್ರಯೋಗಗಳಲ್ಲಿ ಗೆರೆಗಳ ಉದ್ದ ಹೋಲಿಸುವಂಥ ಸರಳ ಕೆಲಸದಲ್ಲೂ, ಸುತ್ತಲಿದ್ದವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ ಸುಮಾರು ಮೂರನೇ ಒಂದು ಪಾಲು ಉತ್ತರಗಳು ಆ ತಪ್ಪಿನ ಕಡೆ ವಾಲಿದವು. ಒಬ್ಬರಾದರೂ ಸರಿ ಉತ್ತರ ಹೇಳುವ ಜೊತೆಗಾರರಿದ್ದಾಗ ಆ ವಾಲಿಕೆ ಗಣನೀಯವಾಗಿ ಇಳಿಯಿತು. ಗುಂಪಿನಲ್ಲಿ 'ತಡೆಯಿರಿ' ಎನ್ನುವ ಒಂದು ದನಿಗೆ ಅಷ್ಟು ತೂಕವಿದೆ.

ಜಗಳವೇ ಇಲ್ಲದ, ತಪ್ಪೇ ಆಗದ ಗುಂಪು ಒಳ್ಳೇ ಗುಂಪಾ?

ತಪ್ಪೇ ವರದಿಯಾಗದ ಗುಂಪನ್ನು ಕಂಡರೆ ನನಗೆ ಆತಂಕ. ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡಿದ್ದರು. ದಾಖಲೆ ಉಲ್ಟಾ ಹೇಳಿತು: ಅಂಥ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಬಹುದಿತ್ತು, ಹಾಗಾಗಿ ಹೇಳುತ್ತಿದ್ದರು. ಸಂಶೋಧನಾ ಗುಂಪಿನಲ್ಲೂ 'ನಿನ್ನೆ ಎರಡು ಟ್ಯೂಬ್ ಅದಲುಬದಲಾಯಿತು' ಎಂಬ ಮಾತು ನಡುಕವಿಲ್ಲದೆ ಬರಬೇಕು. ಆ ಮಾತಿಗೆ ಬೈಗುಳ ಸಿಕ್ಕರೆ ಮುಂದಿನ ಸಲ ಟ್ಯೂಬ್ ಅದಲುಬದಲಾದದ್ದು ಯಾರಿಗೂ ಗೊತ್ತಾಗುವುದಿಲ್ಲ, ಪ್ರಬಂಧದಲ್ಲಿ ಮಾತ್ರ ಸೇರಿಕೊಳ್ಳುತ್ತದೆ.

ಒಬ್ಬರೇ ದತ್ತಾಂಶ ಸಂಗ್ರಹಿಸಿ ಅವರೇ ವಿಶ್ಲೇಷಣೆ ಮಾಡೋದು ತಪ್ಪಾ?

ತಪ್ಪಲ್ಲ, ಎಷ್ಟೋ ಕಡೆ ಬೇರೆ ದಾರಿಯೇ ಇರುವುದಿಲ್ಲ. ಆದರೆ ಮೂಲ ದತ್ತಾಂಶ ಒಬ್ಬರ ಬಳಿ ಮಾತ್ರ ಇದ್ದು ಉಳಿದವರು ನೋಡದೆಯೇ ಇರುವುದು ಅಪಾಯ.

ನೆದರ್ಲೆಂಡ್ಸಿನ ಸಾಮಾಜಿಕ ಮನೋವಿಜ್ಞಾನಿ ಡೀಡರಿಕ್ ಸ್ಟಾಪೆಲ್ ಪ್ರಕರಣ 2011ರಲ್ಲಿ ಹೊರಬಂತು. ತಾವೇ ದತ್ತಾಂಶ ಸಂಗ್ರಹಿಸಿ ತಂದೆ ಎಂದು ಹೇಳಿ, ಸಿದ್ಧವಾದ ಅಂಕಿಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದರು. ಅಂಕಿಗಳು ಅವರೇ ಹುಟ್ಟಿಸಿದವು. ಐವತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು. ಅದನ್ನು ಬಯಲಿಗೆಳೆದದ್ದು ಅದೇ ವಿಭಾಗದ ಮೂವರು ಕಿರಿಯ ಸಂಶೋಧಕರು. ಭೌತವಿಜ್ಞಾನದಲ್ಲಿ ಬೆಲ್ ಪ್ರಯೋಗಾಲಯದ ಯಾನ್ ಹೆಂಡ್ರಿಕ್ ಶೋನ್ ಪ್ರಕರಣವನ್ನು 2002ರಲ್ಲಿ ತನಿಖಾ ಸಮಿತಿ ಪರಿಶೀಲಿಸಿದಾಗ ಬೇರೆ ಬೇರೆ ಪ್ರಯೋಗಗಳ ಗ್ರಾಫಿನಲ್ಲಿ ಒಂದೇ ಗೆರೆ ಕಾಣಿಸಿಕೊಂಡಿತ್ತು. ಮೂಲ ಫೈಲುಗಳು, ಸರಿಯಾದ ನೋಟ್‌ಬುಕ್ ಇರಲಿಲ್ಲ. ದತ್ತಾಂಶ ತಿರುಚಿದ, ಹುಟ್ಟಿಸಿದ 24 ಆರೋಪಗಳಲ್ಲಿ 16 ಸಾಬೀತಾದವು. ಸಹಲೇಖಕರ ಮೇಲೆ ತಪ್ಪು ಹೊರಿಸಲಿಲ್ಲ. ಆದರೆ ಅಷ್ಟು ದೊಡ್ಡ ಫಲಿತಾಂಶಕ್ಕೆ ಹೆಸರು ಹಾಕುವಾಗ ಮೂಲ ದತ್ತಾಂಶ ಕೇಳಬೇಕಿತ್ತಲ್ಲವೇ ಎಂಬ ಪ್ರಶ್ನೆ ಅಂದಿನಿಂದ ಉಳಿದುಕೊಂಡಿದೆ. ನನ್ನ ಉತ್ತರ: ಕೇಳಬೇಕಿತ್ತು.

ಲೇಖಕರ ಪಟ್ಟಿಯಲ್ಲಿ ನನ್ನ ಹೆಸರು ಐದನೆಯದು. ನನ್ನ ಜವಾಬ್ದಾರಿ ಎಷ್ಟು?

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಂತೆ ಲೇಖಕರೆನ್ನಿಸಿಕೊಳ್ಳಲು ನಾಲ್ಕು ಷರತ್ತುಗಳನ್ನೂ ಪೂರೈಸಬೇಕು: ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆಯಲ್ಲಿ ಅಥವಾ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಮತ್ತು ಇಡೀ ಕೆಲಸದ ಬಗ್ಗೆ ಪ್ರಶ್ನೆ ಎದ್ದರೆ ಉತ್ತರ ಹುಡುಕಲು ನಿಲ್ಲುವ ಹೊಣೆ. ಈಗ ಅನೇಕ ಪತ್ರಿಕೆಗಳು ಯಾರು ಏನು ಮಾಡಿದರು ಎಂದು 14 ಪಾತ್ರಗಳ ಪಟ್ಟಿಯಲ್ಲಿ ಗುರುತಿಸಲು ಹೇಳುತ್ತವೆ. ಅದರಲ್ಲಿ ದತ್ತಾಂಶ ಮತ್ತು ಫಲಿತಾಂಶದ 'ದೃಢೀಕರಣ' ಎಂಬ ಪಾತ್ರವೂ ಇದೆ. ಆ ಜಾಗದಲ್ಲಿ ಯಾರ ಹೆಸರಿದೆ ಎಂದು ನಾನು ಮೊದಲು ನೋಡುತ್ತೇನೆ. ಅಲ್ಲಿ ಯಾರೂ ಇಲ್ಲದಿದ್ದರೆ, ಐದನೆಯ ಹೆಸರಿನವರಾದ ನೀವೇ ಆ ಕೆಲಸ ಕೇಳಿ ಪಡೆಯಬಹುದು.

ಅವರು ಬರೆದ ವಿಧಾನವನ್ನೇ ಅಕ್ಷರಶಃ ಅನುಸರಿಸಿದ್ರೂ ನಮಗೆ ಆ ಫಲಿತಾಂಶ ಬರ್ತಿಲ್ಲ. ಅವರು ಸುಳ್ಳು ಹೇಳಿದ್ರಾ?

ಆ ತೀರ್ಮಾನಕ್ಕೆ ಅವಸರ ಬೇಡ. ಬರ್ಕ್ಲಿಯ ಮತ್ತು ಬಾಸ್ಟನ್ನಿನ ಎರಡು ಪ್ರಯೋಗಾಲಯಗಳು ಸ್ತನದ ಅಂಗಾಂಶದಿಂದ ಜೀವಕೋಶಗಳನ್ನು ಬೇರ್ಪಡಿಸಿ ಅಳೆಯುವ ಕೆಲಸದಲ್ಲಿ ಜೊತೆಗೂಡಿದ್ದವು. ಒಂದೇ ಬಗೆಯ ಅಂಗಾಂಶ, ಒಂದೇ ವಿಧಾನ; ಆದರೆ ಎರಡೂ ಕಡೆಯ ಚಿತ್ರ ಹೊಂದುತ್ತಿರಲಿಲ್ಲ. ಉಪಕರಣ, ರಾಸಾಯನಿಕ, ಸೆಟ್ಟಿಂಗ್ ಎಲ್ಲವನ್ನೂ ತಾಳೆ ನೋಡಿ ತಿಂಗಳುಗಳು ಉರುಳಿದವು. ಕೊನೆಗೆ ಎರಡೂ ಕಡೆಯವರು ಅಕ್ಕಪಕ್ಕ ನಿಂತು ಕೆಲಸ ಮಾಡಿದಾಗ ಗೊತ್ತಾಯಿತು: ಅಂಗಾಂಶವನ್ನು ಕಿಣ್ವದಲ್ಲಿ ಕರಗಿಸುವಾಗ ಒಂದು ಕಡೆ ಜೋರಾಗಿ ಕಲಕುತ್ತಿದ್ದರು, ಇನ್ನೊಂದು ಕಡೆ ಹೆಚ್ಚು ಹೊತ್ತು ಮೆಲ್ಲಗೆ ಆಡಿಸುತ್ತಿದ್ದರು. ಕಲಕುವ ರೀತಿ ಯಾರಿಗೂ ಬರೆದಿಡಬೇಕಾದ ವಿಷಯ ಎನ್ನಿಸಿರಲಿಲ್ಲ. 2014ರಲ್ಲಿ ಅವರು ಇದನ್ನೇ ಒಂದು ಪ್ರಬಂಧವಾಗಿ ಬರೆದರು.

ಪುಟ್ಟ ಹುಳುಗಳ ಆಯುಸ್ಸು ಅಳೆಯುವ ಮೂರು ಪ್ರಯೋಗಾಲಯಗಳ ಜಂಟಿ ಯೋಜನೆಯಲ್ಲೂ ಇಂಥದೇ ತೊಡಕು. ಹುಳುವಿನ ವಯಸ್ಸನ್ನು ಒಂದು ಕಡೆ ಮೊಟ್ಟೆ ಒಡೆದ ದಿನದಿಂದ, ಇನ್ನೊಂದು ಕಡೆ ಮೊಟ್ಟೆ ಇಟ್ಟ ದಿನದಿಂದ ಎಣಿಸುತ್ತಿದ್ದರು. ಹಾಗಾಗಿ ನಾನು ಹೇಳುವುದು ಇಷ್ಟೇ: ಪತ್ರ ಬರೆಯಿರಿ, ಸಾಧ್ಯವಾದರೆ ಒಬ್ಬರನ್ನು ಕಳಿಸಿ ಅವರ ಕೈ ಹೇಗೆ ಆಡುತ್ತದೆ ಎಂದು ನೋಡಿಸಿ.

## ಇನ್ನಷ್ಟು ಆಳಕ್ಕೆ

ಒಂದೇ ದತ್ತಾಂಶ ಬೇರೆ ಬೇರೆ ಗುಂಪಿಗೆ ಕೊಟ್ಟರೆ ಒಂದೇ ಉತ್ತರ ಬರುತ್ತಾ?

ಬರುವುದಿಲ್ಲ, ಎಲ್ಲರೂ ಪ್ರಾಮಾಣಿಕರಾಗಿದ್ದರೂ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 29 ಗುಂಪುಗಳಿಗೆ ಫುಟ್‌ಬಾಲ್ ಪಂದ್ಯಗಳ ಒಂದೇ ದತ್ತಾಂಶ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: ಕಪ್ಪು ಮೈಬಣ್ಣದ ಆಟಗಾರರಿಗೆ ರೆಡ್ ಕಾರ್ಡ್ ಹೆಚ್ಚು ಸಿಗುತ್ತದೆಯೇ? 20 ಗುಂಪುಗಳು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಮಹತ್ವದ ಸಂಬಂಧ ಇದೆ ಎಂದವು, 9 ಗುಂಪುಗಳಿಗೆ ಅದು ಸಿಗಲಿಲ್ಲ. 2020ರಲ್ಲಿ 70 ಗುಂಪುಗಳು ಮಿದುಳಿನ ಸ್ಕ್ಯಾನ್‌ಗಳ ಒಂದೇ ದತ್ತಾಂಶವನ್ನು ವಿಶ್ಲೇಷಿಸಿದಾಗ ಯಾವ ಎರಡು ಗುಂಪೂ ಪೂರ್ತಿ ಒಂದೇ ದಾರಿ ಹಿಡಿದಿರಲಿಲ್ಲ.

ಯಾವ ಮಾದರಿಯನ್ನು ಕೈಬಿಡಬೇಕು, ಯಾವುದನ್ನು ಲೆಕ್ಕಕ್ಕೆ ಸೇರಿಸಬೇಕು, ಯಾವ ಸೂತ್ರ ಬಳಸಬೇಕು, ಇಂಥ ಹತ್ತಾರು ಕವಲುಗಳಲ್ಲಿ ಪ್ರತಿಯೊಂದು ಆಯ್ಕೆಯೂ ಸಮರ್ಥನೀಯ. ಒಂದು ಗುಂಪಿನಲ್ಲಿ ಒಂದೇ ಕವಲು ಕಾಣುತ್ತದೆ, ಯಾಕೆಂದರೆ ಎಲ್ಲರೂ ಒಬ್ಬರ ಕೈಕೆಳಗೆ ಕಲಿತವರು. ದತ್ತಾಂಶ ನೋಡುವ ಮೊದಲೇ ವಿಶ್ಲೇಷಣೆಯ ಯೋಜನೆಯನ್ನು ಬರೆದು ನೋಂದಾಯಿಸುವುದರಿಂದ ಇದಕ್ಕೆ ಒಂದಷ್ಟು ಮದ್ದು ಸಿಗುತ್ತದೆ. ಗುಂಪಿನೊಳಗೇ ಇಬ್ಬರಿಗೆ ಬೇರೆ ಬೇರೆಯಾಗಿ ಲೆಕ್ಕ ಕೊಟ್ಟು, ಮುಗಿಯುವವರೆಗೆ ಪರಸ್ಪರ ಮಾತಾಡದಂತೆ ನೋಡಿಕೊಳ್ಳುವುದು ಇನ್ನೊಂದು ದಾರಿ.

ದೊಡ್ಡ ಗುಂಪು ಮೇಲೋ, ಚಿಕ್ಕ ಗುಂಪು ಮೇಲೋ?

ಎರಡರ ಕೆಲಸ ಬೇರೆ. 6.5 ಕೋಟಿಗೂ ಹೆಚ್ಚು ಪ್ರಬಂಧ, ಪೇಟೆಂಟ್ ಮತ್ತು ಸಾಫ್ಟ್‌ವೇರ್‌ಗಳನ್ನು ನೋಡಿದ 2019ರ ಅಧ್ಯಯನದ ಪ್ರಕಾರ ಚಿಕ್ಕ ಗುಂಪುಗಳು ಹಳೆಯ ದಾರಿಯನ್ನು ಮುರಿಯುವ ಹೊಸ ವಿಚಾರಗಳನ್ನು ತರುವುದು ಹೆಚ್ಚು, ದೊಡ್ಡ ಗುಂಪುಗಳು ಇರುವ ವಿಚಾರವನ್ನು ಬೆಳೆಸುವುದು ಹೆಚ್ಚು. ವಿಶ್ವಾಸಾರ್ಹತೆಯ ಮಟ್ಟಿಗೆ ಗಾತ್ರದಿಂದ ಏನನ್ನೂ ಊಹಿಸಲು ನಾನು ಹೋಗುವುದಿಲ್ಲ.

ಬೆಳಕಿಗಿಂತ ವೇಗವಾಗಿ ಹೋದ ನ್ಯೂಟ್ರಿನೋ ಕಥೆ ಗೊತ್ತಲ್ಲ? ಅಷ್ಟು ಜನ ಇದ್ದೂ ಒಂದು ಕೇಬಲ್ ಯಾರಿಗೂ ಕಾಣಲಿಲ್ವಾ?

ಒಪೇರಾ ಪ್ರಯೋಗದ ಗುಂಪಿನಲ್ಲಿ ನೂರೈವತ್ತಕ್ಕೂ ಹೆಚ್ಚು ಜನರಿದ್ದರು. ಜಿನೀವಾ ಬಳಿಯ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೋಗೆ ಸುಮಾರು 730 ಕಿಲೋಮೀಟರ್ ದೂರ ಸಾಗಿದ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮುಂಚೆ ಬಂದವು ಎಂದು 2011ರ ಸೆಪ್ಟೆಂಬರ್‌ನಲ್ಲಿ ಅವರು ಪ್ರಕಟಿಸಿದರು. ತಿಂಗಳುಗಟ್ಟಲೆ ತಮ್ಮ ತಪ್ಪನ್ನು ತಾವೇ ಹುಡುಕಿ, ಸಿಗದೆ, 'ನೀವೂ ಪರೀಕ್ಷಿಸಿ' ಎಂದು ಜಗತ್ತಿನ ಮುಂದಿಟ್ಟಿದ್ದರು. ಗುಂಪಿನ ಕೆಲವರು ಆ ಪ್ರಬಂಧಕ್ಕೆ ಹೆಸರು ಹಾಕಲು ಒಪ್ಪಲಿಲ್ಲ. 2012ರ ಆರಂಭದಲ್ಲಿ ಕಾರಣ ಸಿಕ್ಕಿತು: ಕಾಲಮಾಪನದ ವ್ಯವಸ್ಥೆಯಲ್ಲಿ ಒಂದು ಫೈಬರ್ ಆಪ್ಟಿಕ್ ಕೇಬಲ್ ಸರಿಯಾಗಿ ಬಿಗಿಯಾಗಿರಲಿಲ್ಲ. ಅದೇ ಗ್ರಾನ್ ಸಾಸೋದಲ್ಲಿದ್ದ ಇಕಾರಸ್ ಎಂಬ ಬೇರೆ ಗುಂಪು ಸ್ವತಂತ್ರವಾಗಿ ಅಳೆದಾಗ ನ್ಯೂಟ್ರಿನೋಗಳು ಬೆಳಕಿನ ಮಿತಿಯೊಳಗೇ ಇದ್ದವು. ಒಪೇರಾದ ಮುಖ್ಯಸ್ಥರು ಆಮೇಲೆ ರಾಜೀನಾಮೆ ಕೊಟ್ಟರು.

ಇದನ್ನು ಸೋಲಿನ ಕಥೆಯಾಗಿ ಹೇಳುವವರ ಜೊತೆ ನಾನು ಪೂರ್ತಿ ಒಪ್ಪುವುದಿಲ್ಲ. ತಪ್ಪು ಕೆಲವೇ ತಿಂಗಳಲ್ಲಿ ಸಿಕ್ಕಿತು, ಹುಡುಕಿ ಹೇಳಿದವರು ಅವರೇ. ಆದರೆ ಹೆಸರು ಹಾಕದವರ ಅನುಮಾನಕ್ಕೆ ಪ್ರಕಟಣೆಗೆ ಮೊದಲು ಇನ್ನಷ್ಟು ಕಾಲ ಕೊಡಬಹುದಿತ್ತು.

ಲೈಗೋದವರು ತಮ್ಮ ಗುಂಪಿಗೇ ಸುಳ್ಳು ಸಂಕೇತ ಕೊಟ್ಟಿದ್ರಂತೆ, ನಿಜನಾ?

ನಿಜ, ಮತ್ತು ನಾನು ಬಲ್ಲ ಅತ್ಯುತ್ತಮ ಏರ್ಪಾಡುಗಳಲ್ಲಿ ಅದೂ ಒಂದು. ಗುರುತ್ವ ಅಲೆಗಳನ್ನು ಹುಡುಕುತ್ತಿದ್ದ ಆ ಗುಂಪಿನಲ್ಲಿ ಬೆರಳೆಣಿಕೆಯ ಜನರಿಗೆ ಮಾತ್ರ ಗುಟ್ಟಾಗಿ ಕೃತಕ ಸಂಕೇತ ಸೇರಿಸುವ ಅಧಿಕಾರವಿತ್ತು. 2010ರ ಸೆಪ್ಟೆಂಬರ್‌ನಲ್ಲಿ ಬಲವಾದ ಸಂಕೇತವೊಂದು ಬಂತು. ನಿಜವೋ ಕೃತಕವೋ ತಿಳಿಯದೆ ಇಡೀ ಗುಂಪು ಆರು ತಿಂಗಳು ವಿಶ್ಲೇಷಿಸಿತು, ವಾದಿಸಿತು, ಪ್ರಬಂಧವನ್ನೂ ಬರೆದು ಮುಗಿಸಿತು. 2011ರ ಮಾರ್ಚ್‌ನಲ್ಲಿ ಗುಟ್ಟು ಅಡಗಿಸಿಟ್ಟಿದ್ದ ಲಕೋಟೆಯನ್ನು ಎಲ್ಲರ ಮುಂದೆ ತೆರೆದರು. ಕೃತಕವಾಗಿತ್ತು.

ಆರು ತಿಂಗಳು ವ್ಯರ್ಥವಾಯಿತೇ ಎಂದು ಕೇಳುತ್ತಾರೆ. ಎಲ್ಲಿ ಅವಸರ ಮಾಡುತ್ತೇವೆ, ಯಾವ ಪರೀಕ್ಷೆ ಬಿಟ್ಟುಹೋಗಿದೆ ಎಂದು ಗುಂಪು ಕಲಿತದ್ದು ಆಗಲೇ. 2015ರ ಸೆಪ್ಟೆಂಬರ್ 14ರಂದು ನಿಜವಾದ ಅಲೆ ಬಂದಾಗ ಅನೇಕರ ಮೊದಲ ಪ್ರಶ್ನೆ 'ಇದೂ ಗುಟ್ಟಿನ ಸಂಕೇತವೇ?' ಎಂಬುದಾಗಿತ್ತು. ಅಲ್ಲ ಎಂದು ಖಚಿತಪಡಿಸಿಕೊಂಡು, ತಿಂಗಳುಗಳ ತಪಾಸಣೆ ಮುಗಿಸಿ, 2016ರ ಫೆಬ್ರವರಿ 11ರಂದು ಪ್ರಕಟಿಸಿದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ಸಾವಿರ ಜನರ ಗುಂಪೊಂದು ದಿನಚರಿಯನ್ನಾಗಿ ಮಾಡಿಕೊಂಡಿತ್ತು.

ನಮ್ಮ ಸಿದ್ಧಾಂತವನ್ನು ವಿರೋಧಿಸುವವರ ಜೊತೆ ಸೇರಿ ಪ್ರಯೋಗ ಮಾಡೋದು ಆಗೋ ಮಾತಾ?

ಆಗಿದೆ. ಗ್ಯಾರಿ ಲ್ಯಾಥಮ್ ಮತ್ತು ಮಿರಿಯಂ ಎರೆಜ್ ಎಂಬ ಇಬ್ಬರು ಮನೋವಿಜ್ಞಾನಿಗಳಿಗೆ, ಕೆಲಸಗಾರರಿಗೆ ಗುರಿ ನಿಗದಿ ಮಾಡುವಾಗ ಅವರನ್ನೂ ಸೇರಿಸಿಕೊಂಡರೆ ಲಾಭವಿದೆಯೇ ಎಂಬ ಬಗ್ಗೆ ಬೇರೆ ಬೇರೆ ಫಲಿತಾಂಶ ಬಂದಿತ್ತು. ಎಡ್ವಿನ್ ಲಾಕ್ ಅವರನ್ನು ಮಧ್ಯಸ್ಥರನ್ನಾಗಿ ಇಟ್ಟುಕೊಂಡು ಇಬ್ಬರೂ ಜೊತೆಯಾಗಿ ಪ್ರಯೋಗ ಮಾಡಿ 1988ರಲ್ಲಿ ಪ್ರಕಟಿಸಿದರು. ವ್ಯತ್ಯಾಸದ ಮುಖ್ಯ ಕಾರಣ ಸೂಚನೆ ಕೊಡುವ ದನಿಯಲ್ಲಿತ್ತು: ಒಬ್ಬರು ಗುರಿಯನ್ನು ಕಾರಣ ಸಮೇತ ಹೇಳುತ್ತಿದ್ದರು, ಇನ್ನೊಬ್ಬರ ಪ್ರಯೋಗದಲ್ಲಿ 'ಇದು ಗುರಿ' ಎಂದು ಚುಟುಕಾಗಿ ಹೇಳಿ ಮುಗಿಸುತ್ತಿದ್ದರು. ಪ್ರಬಂಧಗಳ ಮೂಲಕ ವರ್ಷಗಟ್ಟಲೆ ಕಿತ್ತಾಡಿದ್ದರೂ ಇದು ಕಾಣುತ್ತಿರಲಿಲ್ಲ. ಶುರುವಿಗೆ ಮುಂಚೆ ಒಂದು ಕೆಲಸ ಮಾಡಲೇಬೇಕು: ಯಾವ ಫಲ ಬಂದರೆ ಯಾರ ಮಾತು ದುರ್ಬಲವಾಗುತ್ತದೆ ಎಂದು ಬರೆದು ಇಬ್ಬರೂ ಸಹಿ ಹಾಕುವುದು.

ಪೇಪರ್ ಪ್ರಕಟವಾದ ಮೇಲೆ ನಮ್ಮದೇ ತಪ್ಪು ಸಿಕ್ಕಿದೆ. ಹೇಳಿದ್ರೆ ಎಲ್ಲರ ಭವಿಷ್ಯ ಹಾಳಾಗಲ್ವಾ?

ಹೇಳಿ. ಗುಂಪಿನವರಿಗೆ ಮೊದಲು, ಬರಹದಲ್ಲಿ, ದಿನಾಂಕದೊಂದಿಗೆ, ಆಮೇಲೆ ಪತ್ರಿಕೆಗೆ. ರಸಾಯನ ವಿಜ್ಞಾನದಲ್ಲಿ 2018ರ ನೊಬೆಲ್ ಪಡೆದ ಫ್ರಾನ್ಸಿಸ್ ಆರ್ನಲ್ಡ್ ತಮ್ಮ ಗುಂಪಿನ 2019ರ ಪ್ರಬಂಧವೊಂದನ್ನು 2020ರ ಜನವರಿಯಲ್ಲಿ ಹಿಂಪಡೆದರು. ಕೆಲಸವನ್ನು ಮತ್ತೆ ಮಾಡಲಾಗಲಿಲ್ಲ, ನೋಟ್‌ಬುಕ್ಕಿನಲ್ಲಿ ಮುಖ್ಯ ದಾಖಲೆಗಳೇ ಇರಲಿಲ್ಲ. ಸಲ್ಲಿಸುವ ಹೊತ್ತಿಗೆ ತಾವು ಕೆಲಸದ ಒತ್ತಡದಲ್ಲಿದ್ದು ಸರಿಯಾಗಿ ನೋಡಲಿಲ್ಲ ಎಂದು ಅವರೇ ಸಾರ್ವಜನಿಕವಾಗಿ ಹೇಳಿಕೊಂಡರು. ಅವರ ಮೇಲಿನ ಗೌರವ ಕಡಿಮೆಯಾದದ್ದನ್ನು ನಾನು ಕಂಡಿಲ್ಲ, ಹೆಚ್ಚಾದದ್ದನ್ನು ಕಂಡಿದ್ದೇನೆ. ಆದರೆ ನೊಬೆಲ್ ಪಡೆದವರಿಗಿರುವ ರಕ್ಷಣೆ ಎರಡನೇ ವರ್ಷದ ವಿದ್ಯಾರ್ಥಿಗಿಲ್ಲ. ಅದಕ್ಕೇ ಹಿರಿಯರು ಮುಂದೆ ನಿಂತು ಪತ್ರಿಕೆಗೆ ಬರೆಯಬೇಕು, ತಪ್ಪು ಯಾರ ಕೈಯಿಂದ ಆಗಿದ್ದರೂ.

ನಮ್ಮದು ಮೂರೇ ಜನರ ಗುಂಪು, ಹಣವೂ ಅಷ್ಟಕ್ಕಷ್ಟೇ. ಇದೆಲ್ಲಾ ನಮ್ಮಿಂದ ಆಗುತ್ತಾ?

ಲೈಗೋದಂತೆ ಲಕೋಟೆ ಇಡಲಾಗದಿರಬಹುದು, ಆದರೆ ಹಣ ಬೇಡದ ಕೆಲಸಗಳೇ ಹೆಚ್ಚು ಫಲ ಕೊಡುತ್ತವೆ. ಕಚ್ಚಾ ಫೈಲು ಬಂದ ದಿನವೇ ಯಾರೂ ತಿದ್ದಲಾಗದಂತೆ ಒಂದು ಪ್ರತಿ ತೆಗೆದಿಡಿ. ಮೂವರಿಗೂ ಅದು ತೆರೆಯುವಂತಿರಲಿ. ಯಾವ ಮಾದರಿಗೆ ಏನು ಕೊಟ್ಟಿದೆ ಎಂಬ ಕೀಲಿ ಒಬ್ಬರ ಬಳಿ ಇರಲಿ, ಅಳೆಯುವವರಿಗೆ ಬರೀ ಸಂಖ್ಯೆ ಕಾಣಲಿ. ಯಾವ ದಿನ ಯಾವ ಮಾದರಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಮುಂದಿನ ವಾರ ಪಕ್ಕದ ಗುಂಪಿನವರಿಗೆ ನಿಮ್ಮ ಕೋಡ್ ಓದಲು ಕೊಟ್ಟು, ಅವರದನ್ನು ನೀವು ಓದಿ.

ಇವುಗಳಲ್ಲಿ ಒಂದಕ್ಕೆ ಮಾತ್ರ ಸಮಯವಿದ್ದರೆ ಹೀಗೆ ಮಾಡಿ: ಪ್ರಬಂಧ ಕಳಿಸುವ ಮೊದಲು, ಲೆಕ್ಕ ಹಾಕದಿದ್ದ ಒಬ್ಬರಿಗೆ ಕಚ್ಚಾ ಫೈಲನ್ನೂ ವಿಧಾನದ ಬರಹವನ್ನೂ ಕೊಟ್ಟು, ಮುಖ್ಯ ಚಿತ್ರವನ್ನು ತಾವೇ ಮತ್ತೆ ತಯಾರಿಸಲು ಹೇಳಿ. ಎರಡು ಮಧ್ಯಾಹ್ನ ಹಿಡಿಯಬಹುದು. ಪಕ್ಕದಲ್ಲಿ ಕೂತು ವಿವರಿಸಬೇಡಿ. ಅವರು ಎಲ್ಲಿ ತಡವರಿಸುತ್ತಾರೋ, ಎಲ್ಲಿ ನಿಮ್ಮನ್ನು ಕೇಳಲು ಎದ್ದು ಬರುತ್ತಾರೋ, ಆ ಸಾಲಿನ ಪಕ್ಕ ಗುರುತು ಹಾಕಿಕೊಳ್ಳಿ.